ಎರಡು ದೊನ್ನೆ ಸಿಹಿ ಪೊಂಗಲ್

ಮೊಮ್ಮಗಳು ಸ್ಕ್ಯಾನಿಂಗ್ ಪರೀಕ್ಷೆ ಪಾಸಾದ ದಿನ ನಾನು ಜೆ.ಪಿ. ನಗರದ ನಮ್ಮ ಬೀದಿಯಲ್ಲಿ ಒಬ್ಬರನ್ನೂ ಬಿಡಲಿಲ್ಲ. ಇಸ್ತ್ರಿ ಅಂಗಡಿಯವನಿಗೆ ಹೇಳಿದೆ, ಮೇಲಿನ ಮನೆ ಬಾಡಿಗೆಯವರನ್ನು ಮೆಟ್ಟಿಲ ಮೇಲೇ ನಿಲ್ಲಿಸಿಕೊಂಡು ಹೇಳಿದೆ. ಕೊರಿಯರ್ ತಂದವನು ಪಾಪ, ಸಹಿಗೆಂದು ಕಾದು ನಿಂತಿದ್ದ. ಅವನಿಗೂ ಹೇಳಿದೆ. ಸೊಪ್ಪು ಮಾರುವವಳು ಬುಟ್ಟಿ ಇಳಿಸಿ, "ಹಂಗಾದ್ರೆ ಗಂಡೋ ಹೆಣ್ಣೋ ಅಂತ ಮುಂಚೇನೇ ಹೇಳ್ಬಿಡ್ತಾಳಾ ಅಮ್ಮಾ?" ಎಂದು ಕಣ್ಣು ಮಿಟುಕಿಸಿದಳು. "ಬಾಯ್ ಮುಚ್ಚೇ, ಅದನ್ನ ಹೇಳಿದ್ರೆ ಜೈಲಿಗ್ ಹಾಕ್ತಾರೆ. ಆಸ್ಪತ್ರೆ ಬಾಗಿಲಲ್ಲೇ ಬೋರ್ಡ್ ಹಾಕಿರ್ತಾರಲ್ಲ, ಓದಿಲ್ವಾ?" ಎಂದೆ. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು ನಾನು, ಓದಿಲ್ಲವಾ ಎಂದು ಇನ್ನೊಬ್ಬರನ್ನು ಕೇಳುವ ಜಂಬ ನನಗೆ!

ಪಾಸಾದಳು ಎನ್ನುವುದನ್ನು ಹೀಗೆ ಊರಿಗೆಲ್ಲ ಹಂಚಿದೆ. ಅವಳನ್ನು ಪರೀಕ್ಷೆಗೆ ಕಳಿಸುವ ಮುಂಚೆ ಏನಾಯಿತು ಎನ್ನುವುದನ್ನು ಮಾತ್ರ ಯಾರಿಗೂ ಹೇಳಲಿಲ್ಲ. ಅದು ನೆನಪಾದರೆ ಒಬ್ಬಳೇ ಇದ್ದಾಗಲೂ ಸೆರಗನ್ನು ಬಾಯಿಗೆ ಅಡ್ಡ ಹಿಡಿಯುವ ಹಾಗಾಗುತ್ತದೆ.

ಅವಳು ಎಂಬಿಬಿಎಸ್ ಮಾಡಿದ ಡಾಕ್ಟರು. ಬನಶಂಕರಿಯ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ಕೂರುತ್ತಾಳೆ. ಡಾಕ್ಟರಾದರೆ ಎಲ್ಲವೂ ಆಯಿತು ಎಂದುಕೊಂಡಿದ್ದೆ. ಹಾಗಲ್ಲವಂತೆ. ಹೊಟ್ಟೆಯ ಮೇಲೆ ಮೆಷಿನ್ನಿನ ಹಿಡಿ ಇಟ್ಟು ಒಳಗಿನದನ್ನು ಪರದೆಯ ಮೇಲೆ ನೋಡಬೇಕಾದರೆ ಅದಕ್ಕೇ ಬೇರೆ ತರಬೇತಿ, ಬೇರೆ ಪರೀಕ್ಷೆ. ಅರ್ಧ ಪರೀಕ್ಷೆ ಕಾಗದದ ಮೇಲೆ. ಇನ್ನರ್ಧದಲ್ಲಿ ನಿಜವಾದ ಮನುಷ್ಯರನ್ನು ಮಲಗಿಸಿ, ಕಂಡದ್ದನ್ನು ಪರೀಕ್ಷೆ ಮಾಡುವವರ ಮುಂದೆ ಹೇಳಬೇಕು. ಮೊದಲ ಸಲ ಅವಳು ಕಾಗದದಲ್ಲಿ ಪಾಸಾಗಿ, ಮನುಷ್ಯನಲ್ಲಿ ಫೇಲಾದಳು.

ಯಾಕೆಂದರೆ, ಮಲಗಿದ್ದ ಯಜಮಾನರು "ನಂಗೆ ಕಿಡ್ನಿ ಕಲ್ಲಿದೆಯಮ್ಮ, ಹಳೇ ಡಾಕ್ಟ್ರು ಹೇಳಿದ್ರು" ಎಂದರಂತೆ. ವಯಸ್ಸಾದವರು, ಗಟ್ಟಿಯಾಗಿ ಹೇಳುತ್ತಿದ್ದಾರೆ. ಇವಳು ಕಲ್ಲಿದೆ ಎಂದಳು. ಕಲ್ಲು ಇರಲಿಲ್ಲ. ತರಬೇತಿ ಕೊಡುವ ಮೇಡಂ ಆಮೇಲೆ ಇವಳಿಗೆ, "ನಿನಗೆ ಕಣ್ಣಿಗಿಂತ ಕಿವಿ ಜಾಸ್ತಿ. ಇದು ಸರಿಹೋಗೋವರೆಗೂ ನಾನು ಮತ್ತೆ ಪರೀಕ್ಷೆಗೆ ಕಳಿಸಲ್ಲ" ಎಂದರಂತೆ. ಮನೆಗೆ ಬಂದು ಅತ್ತಳು. ನಾನು ಮೇಡಮ್ಮಿಗೇ ಬೈದೆ. ದೊಡ್ಡವರ ಮಾತಿಗೆ ಎದುರಾಡದ ಮಗು, ಅದೂ ಒಂದು ತಪ್ಪಾ? ಅವಳನ್ನು ಹಾಗೆ ಬೆಳೆಸಿದವಳೇ ನಾನು. ಒಂದನೇ ಕ್ಲಾಸಿನಿಂದ ಎಂಬಿಬಿಎಸ್‌ವರೆಗೆ, ಪ್ರತಿ ಪರೀಕ್ಷೆಯ ಬೆಳಗ್ಗೆ ಅವಳು ನನ್ನ ಕಾಲಿಗೆ ಬಿದ್ದಾಗ ನಾನು ಹೇಳುತ್ತಿದ್ದದ್ದು ಒಂದೇ ಮಾತು: "ದೊಡ್ಡೋರು ಹೇಳ್ದಂಗ್ ಕೇಳು, ಒಳ್ಳೇದಾಗುತ್ತೆ."

ಮತ್ತೆ ಓದು ಶುರುವಾಯಿತು. ಮೆಷಿನ್ನನ್ನು ಮನೆಗೆ ತರುವ ಹಾಗಿಲ್ಲ, ಅದಕ್ಕೂ ಕಾನೂನಿದೆ. ಕೈ ಪಳಗಬೇಕಲ್ಲ? ಕೆಟ್ಟುಹೋದ ಟಿವಿ ರಿಮೋಟೇ ಹಿಡಿಯಾಯಿತು, ನನ್ನ ಹೊಟ್ಟೆಯೇ ರೋಗಿಯಾಯಿತು. ಸಂಜೆ ದಿವಾನದ ಮೇಲೆ ಮಲಗಿಸಿ, ಕಿಟಕಿಯ ಪರದೆ ಎಳೆದು, ಸೆರಗು ಸರಿಸುತ್ತಿದ್ದಳು. ಅಯ್ಯೋ, ಆ ನಾಚಿಕೆಯನ್ನು ಹೇಗೆ ಹೇಳಲಿ! ಸೂಲಗಿತ್ತಿ ಬಿಟ್ಟರೆ ಯಾರೂ ನೋಡದ ಹೊಟ್ಟೆ. ಹೆತ್ತು ಹೆತ್ತು ಸಡಿಲವಾಗಿ, ಗೆರೆ ಬಿದ್ದು, ತೊಳೆದು ಹಿಂಡಿದ ಚೀಲದ ಹಾಗಾಗಿದೆ. ಕೈಯಿಂದ ಮುಚ್ಚಿಕೊಂಡರೆ ಕೈ ತೆಗೆಯುತ್ತಿದ್ದಳು.

"ಸಖತ್ ಹೊಟ್ಟೆ ಅಜ್ಜಿ ನಿಂದು, ಮೆತ್ತಗಿದೆ. ಉಸಿರು ಎಳ್ಕೋ. ಹಂಗೇ ಹಿಡ್ಕೋ... ಬಿಡು."

"ಧಾರಾವಾಹಿ ಬಂತೇನೇ?"

"ನಗಿಸ್ಬೇಡ, ಲಿವರ್ ಅಲ್ಲಾಡುತ್ತೆ."

ಬಲಗಡೆ ಪಕ್ಕೆಲುಬಿನ ಕೆಳಗೆ ರಿಮೋಟು ಊರಿ ಪಿತ್ತಕೋಶ ತೋರಿಸಿದಳು. ಹೊಟ್ಟೆ ಖಾಲಿ ಇದ್ದಾಗ ಸಣ್ಣ ಬದನೆಕಾಯಿಯ ಹಾಗೆ ತುಂಬಿಕೊಂಡು ಮಲಗಿರುತ್ತದಂತೆ. ಏನಾದರೂ ತಿಂದರೆ, ಅದರಲ್ಲೂ ಜಿಡ್ಡಿನದು ತಿಂದರೆ, ತನ್ನೊಳಗಿನ ಪಿತ್ತವನ್ನೆಲ್ಲ ಹಿಂಡಿ ಸುರಿದು ಮುದುಡಿಕೊಳ್ಳುತ್ತದಂತೆ. ಇಷ್ಟು ದಿನ ನನ್ನೊಳಗೇ ಇದ್ದದ್ದು, ನನಗೇ ಗೊತ್ತಿರಲಿಲ್ಲ ನೋಡಿ.

ಕೊನೆಗೆ ಮೇಡಂ ಒಂದು ದಿನ ಗೊತ್ತು ಮಾಡಿದರು. ಕಲಿಯುವವರೆಲ್ಲ ಮನೆಯಿಂದ ಒಬ್ಬೊಬ್ಬರನ್ನು ಕರೆತರಬೇಕು, ಮೇಡಂ ಎದುರಿಗೆ ಸ್ಕ್ಯಾನ್ ಮಾಡಿ ತೋರಿಸಬೇಕು. ಸರಿಯಾಗಿ ಮಾಡಿದವರನ್ನು ಪರೀಕ್ಷೆಗೆ ಕಳಿಸುತ್ತಾರೆ, ಇಲ್ಲದಿದ್ದರೆ ಇಲ್ಲ. ನನ್ನ ಬಿಟ್ಟು ಇನ್ಯಾರನ್ನು ಕರೆದುಕೊಂಡು ಹೋಗುತ್ತಾಳೆ? ಮಗ ಸೊಸೆ ನಾವು ಬರುತ್ತೇವೆ ಎಂದರೂ ನಾನು ಬಿಟ್ಟುಕೊಡಲಿಲ್ಲ.

"ಹಿಂದಿನ ದಿನ ರಾತ್ರಿ ಊಟ ಆದ್ಮೇಲೆ ಏನೂ ತಿನ್ಬೇಡ ಅಜ್ಜಿ. ಕಾಫೀನೂ ಬೇಡ. ನೀರು ಮಾತ್ರ."

"ಅವತ್ತು ಶನಿವಾರ ಕಣೇ. ನಾನು ತಿನ್ನೋದಾದ್ರೂ ಏನು?"

ಮದುವೆಯಾಗಿ ಬಂದ ಹೊಸದರಿಂದ ನನಗೆ ಶನಿವಾರ ಒಪ್ಪತ್ತು. ಸಂಜೆ ದೀಪ ಹಚ್ಚುವವರೆಗೆ ಊಟವಿಲ್ಲ, ತಿಂಡಿಯಿಲ್ಲ. ಕಾಫಿಯೊಂದು ನಡೆಯುತ್ತಿತ್ತು, ಅವತ್ತು ಅದನ್ನೂ ಬಿಟ್ಟೆ. ತಲೆ ಸಿಡಿಯುತ್ತಿದ್ದರೂ ಮೊಮ್ಮಗಳಿಗಾಗಿ ಎನ್ನುವ ಹೆಮ್ಮೆ. ಅವಳು ಬೆಳಗ್ಗೆಯೇ ಸ್ಕೂಟರಿನಲ್ಲಿ ಜಯನಗರಕ್ಕೆ ಹೋದಳು. ನಾನು ಆಮೇಲೆ ಆಟೋದಲ್ಲಿ ಬರುವುದೆಂದು ಮಾತಾಗಿತ್ತು.

ಇಂಥ ದಿನ ಆಂಜನೇಯನಿಗೆ ಕೈಮುಗಿಯದೆ ಹೋಗಲಾದೀತೆ? ಗುಡಿಗೆ ಹೋಗಿ ಅವಳ ಹೆಸರಿನಲ್ಲಿ ಅರ್ಚನೆ ಮಾಡಿಸಿದೆ. ಅರ್ಚಕರ ಹತ್ತಿರವೂ ಮೊಮ್ಮಗಳ ಪುರಾಣ ಬಿಚ್ಚಿದೆ. "ಹಾಗಾದ್ರೆ ಡಾಕ್ಟ್ರಿಗೂ ಒಂದು ತಗೊಳ್ಳಿ ಅಮ್ಮಾ" ಎಂದು ಅವರು ಎರಡು ದೊನ್ನೆ ಸಿಹಿ ಪೊಂಗಲ್ ಕೊಟ್ಟರು. ಬಿಸಿಬಿಸಿ, ತುಪ್ಪ ತೇಲುತ್ತಿತ್ತು. ನನ್ನದನ್ನು ಕಣ್ಣಿಗೊತ್ತಿಕೊಂಡು ತಿಂದೆ. ಅವಳದನ್ನು ಹಿಡಿದುಕೊಂಡು ಆಟೋ ಹತ್ತಿದರೆ, ಹಂಪು ಬಂದಾಗೆಲ್ಲ ದೊನ್ನೆ ವಾಲಿ ತುಪ್ಪ ಸೀರೆಗೆ ಇಳಿಯತೊಡಗಿತು. ಪ್ರಸಾದವನ್ನು ಚೆಲ್ಲುವುದುಂಟೆ? ಅದನ್ನೂ ತಿಂದು, ಖಾಲಿ ದೊನ್ನೆ ಎರಡನ್ನೂ ಬ್ಯಾಗಿಗೆ ಹಾಕಿ, ಕೈ ಒರೆಸಿಕೊಂಡೆ. ನನ್ನ ಮನಸ್ಸಿನಲ್ಲಿ ಏನೆಂದರೆ ಏನೂ ಇರಲಿಲ್ಲ. ಎಷ್ಟೋ ಶನಿವಾರ ಹೀಗೇ ಪ್ರಸಾದ ತಿಂದು, ಮನೆಗೆ ಬಂದು, ಒಪ್ಪತ್ತು ಎಂದು ಕೂತವಳು. ಪ್ರಸಾದ ಊಟದ ಲೆಕ್ಕಕ್ಕೆ ಬರುವುದಿಲ್ಲ. ನಮ್ಮತ್ತೆಯೂ ಹಾಗೇ ಇದ್ದರು.

ಒಳಗೆ ನನ್ನ ಸರದಿ ಬರುವವರೆಗೆ ಬಹಳ ಹೊತ್ತಾಯಿತು. ಆ ಕೋಣೆಯಲ್ಲಿ ಮೇಡಂ, ನನ್ನ ಮೊಮ್ಮಗಳು, ಅವಳ ಜೊತೆ ಕಲಿಯುತ್ತಿದ್ದ ತಲಘಟ್ಟಪುರದ ಒಬ್ಬ ಡಾಕ್ಟರು. ನಲವತ್ತು ದಾಟಿದ ಗಂಡಸು, ಒಳ್ಳೆಯವರೇ. ಆದರೂ ಅವರೆದುರು ಹೊಟ್ಟೆ ಬಿಟ್ಟುಕೊಂಡು ಮಲಗಿದಾಗ ಪ್ರಾಣ ಹಿಡಿಯಷ್ಟಾಯಿತು. ಅದರ ಮೇಲೆ ತಣ್ಣನೆಯ ಲೋಳೆ ಬೇರೆ ಸುರಿದರು.

"ಅಜ್ಜಿ, ನೀವು ಉಸಿರು ಎಳ್ಕೊಳ್ಳಿ. ಹಿಡ್ಕೊಳ್ಳಿ" ಎಂದಳು ಮೊಮ್ಮಗಳು.

ನೀವು! ಹುಟ್ಟಿದಾಗಿನಿಂದ ನೀನು ಎಂದವಳು. ಎಷ್ಟು ದೊಡ್ಡವಳಾಗಿಬಿಟ್ಟಳು ಎಂದು ಒಳಗೇ ಉಬ್ಬಿಹೋದೆ. ಆದರೆ ಅವಳ ಮುಖ ಬಿಗಿಯಾಗುತ್ತಾ ಬಂತು. ಬಲಗಡೆ ಪಕ್ಕೆಯ ಕೆಳಗೆ ಹಿಡಿಯನ್ನು ಹೀಗೆ ತಿರುಗಿಸಿದಳು, ಹಾಗೆ ತಿರುಗಿಸಿದಳು, ಮಗ್ಗುಲು ಮಲಗಿಸಿದಳು. ಪರದೆಯ ಮೇಲೆ ಬೂದಿ ಬಳಿದ ಹಾಗೆ ಏನೋ ಅಲುಗಾಡುತ್ತಿತ್ತು. ಬದನೆಕಾಯಿ ಎಲ್ಲಿದೆಯೆಂದು ನಾನೂ ಕತ್ತು ಹೊರಳಿಸಿ ಹುಡುಕಿದೆ.

"ಗಾಲ್‌ಬ್ಲಾಡರ್ ಚಿಕ್ಕದಾಗಿದೆ ಮೇಡಂ. ಗೋಡೆ ದಪ್ಪ ಕಾಣ್ತಿದೆ."

ತಲಘಟ್ಟಪುರದ ಡಾಕ್ಟರು ಬಗ್ಗಿ, "ಅಜ್ಜಿ, ಊಟ ಆದ್ಮೇಲೆ ಇಲ್ಲಿ ನೋವು ಬರುತ್ತಾ?" ಎಂದರು. ನನಗೆ ಸಹಾಯ ಮಾಡಬೇಕೆಂಬ ಆತುರ. ಅಷ್ಟು ಅಕ್ಕರೆಯಿಂದ ಕೇಳುತ್ತಿರುವಾಗ ಇಲ್ಲ ಎನ್ನುವುದು ಹೇಗೆ? "ಒಂದೊಂದ್ ಸಲ ಬರುತ್ತೆ ಸಾರ್" ಎಂದುಬಿಟ್ಟೆ.

"ಹಳೇ ಕಾಯಿಲೆ ಇರ್ಬೇಕು. ಊದ್ಕೊಂಡು ಊದ್ಕೊಂಡು ಮುದುಡಿದೆ" ಎಂದರು ಅವರು.

"ಅವರದ್ದಲ್ಲ, ನಿನ್ನ ಉತ್ತರ ಬೇಕು" ಎಂದು ಮೇಡಂ ಮೊಮ್ಮಗಳ ಕಡೆ ತಿರುಗಿದರು.

ಅವಳು ನನ್ನ ಮುಖ ನೋಡಿದಳು. "ಅಜ್ಜಿ, ಬೆಳಗ್ಗೆಯಿಂದ ಏನಾದ್ರೂ ತಿಂದ್ರಾ?"

"ಇಲ್ಲ ಕಂದಾ."

"ಸ್ವಲ್ಪ ಏನಾದ್ರೂ?"

"ಒಂದ್ ತೊಟ್ಟು ಕಾಫಿ ಕುಡ್ದಿಲ್ಲ ಕಣೇ. ಆಂಜನೇಯನಾಣೆ!"

ಅವಳು ಹಿಡಿಯನ್ನು ನಿಧಾನವಾಗಿ ಎಡಗಡೆಗೆ ತಂದಳು. ಪರದೆ ನೋಡಿದಳು. ಇನ್ನೊಂದು ಸಲ ನೋಡಿದಳು. ಆಮೇಲೆ ಮೆತ್ತಗೆ ಹೇಳಿದಳು: "ನೀವು ತಿಂದಿದೀರ."

ನನಗೆ ಎಲ್ಲಿಂದ ಬಂತೋ ಕೋಪ. ಅಷ್ಟು ಜನರ ಮುಂದೆ, ಹೊಟ್ಟೆ ಬಿಟ್ಟುಕೊಂಡು ಮಲಗಿದವಳನ್ನು ಸುಳ್ಳಿ ಎನ್ನುತ್ತಿದ್ದಾಳಲ್ಲ! ಮೊಣಕೈ ಊರಿ ಎದ್ದೆ. "ನಿನ್ನ ಎತ್ತಿ ಆಡ್ಸಿರೋಳು ಕಣೇ ನಾನು! ತಿಂದಿಲ್ಲ ಅಂದ್ರೆ ತಿಂದಿಲ್ಲ. ಒಪ್ಪತ್ತಿನ ದಿನ ಸುಳ್ ಹೇಳ್ತೀನಾ? ದೊಡ್ಡೋರ ಮಾತಿಗಿಂತ ನಿಂಗೆ ಆ ಟಿವಿ ಹೆಚ್ಚಾಯ್ತಾ?"

ಹಿಡಿ ಹಿಡಿದ ಅವಳ ಕೈ ನಡುಗಿದ್ದು ನನ್ನ ಹೊಟ್ಟೆಗೇ ಗೊತ್ತಾಯಿತು. ಕಣ್ಣಲ್ಲಿ ನೀರು ತುಂಬಿತು. ಇನ್ನೇನು ಸರಿ ಅಜ್ಜಿ ಎಂದುಬಿಡುತ್ತಾಳೆ ಎಂದುಕೊಂಡೆ. ಚಿಕ್ಕವಳಿದ್ದಾಗಿನಿಂದ ನಾನು ದನಿ ಎತ್ತಿದರೆ ಅಷ್ಟೇ ಸಾಕಾಗುತ್ತಿತ್ತು. ಅವಳು ಕಣ್ಣೊರೆಸಿಕೊಳ್ಳಲೂ ಇಲ್ಲ. ಪರದೆ ಬಿಟ್ಟು ಕಣ್ಣು ತೆಗೆಯಲಿಲ್ಲ.

"ಮೇಡಂ, ಹೊಟ್ಟೆ ಖಾಲಿ ಇಲ್ಲ, ಊಟ ತುಂಬಿದೆ. ಗಾಲ್‌ಬ್ಲಾಡರ್ ಮುದುಡಿರೋದು ಅದಕ್ಕೇ. ಗೋಡೆ ದಪ್ಪ ಕಾಣೋದೂ ಅದಕ್ಕೇ. ನಾನು ಕಾಯಿಲೆ ಅಂತ ಬರೆಯಲ್ಲ. ಇನ್ನೊಂದು ದಿನ ಖಾಲಿ ಹೊಟ್ಟೇಲಿ ಕರೆಸಿ ಮತ್ತೆ ನೋಡ್ಬೇಕು."

"ಪೇಷೆಂಟ್ ತಿಂದಿಲ್ಲ ಅಂತ ಆಣೆ ಮಾಡ್ತಿದ್ದಾರಲ್ಲ?"

"ಆಣೆ ಮಾಡ್ಲಿ ಮೇಡಂ. ಅನ್ನ ಕಾಣ್ತಿದೆ."

"ಅನ್ನ ಎಲ್ಲೇ ಬಂತು!" ಎಂದು ನಾನು ಕೂಗಿದೆ. "ಪೊಂಗಲ್ ಅದು! ಗುಡೀದು! ಪ್ರಸಾದ ಊಟ ಹೆಂಗಾಗುತ್ತೆ?"

ಮಾತು ಬಾಯಿಂದ ಹೊರಗೆ ಬಿದ್ದ ಮೇಲೆ ನನ್ನ ಕಿವಿಗೆ ಕೇಳಿಸಿತು. ತಲಘಟ್ಟಪುರದ ಡಾಕ್ಟರು ಗೋಡೆ ಕಡೆ ತಿರುಗಿಕೊಂಡರು, ಬೆನ್ನು ಕುಲುಕುತ್ತಿತ್ತು. ಮೇಡಂ ಕನ್ನಡಕ ತೆಗೆದು ನಕ್ಕರು. ನಕ್ಕು ನಕ್ಕು, "ನಿಮ್ಮ ದೇವರು ಲೆಕ್ಕಕ್ಕೆ ಹಿಡಿಯಲ್ಲ ಅಮ್ಮಾ, ಗಾಲ್‌ಬ್ಲಾಡರ್ ಹಿಡಿಯುತ್ತೆ" ಎಂದರು. ಆಮೇಲೆ ಮೊಮ್ಮಗಳ ಭುಜ ಮುಟ್ಟಿ, "ಈ ಸಲ ಹೋಗು ನೀನು ಪರೀಕ್ಷೆಗೆ" ಎಂದರು.

ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಸೀರೆ ಸರಿಮಾಡಿಕೊಂಡೆ, ಲೋಳೆ ಕೂಡ ಸರಿಯಾಗಿ ಒರೆಸಿಕೊಳ್ಳಲಿಲ್ಲ. ಬ್ಯಾಗಿನಲ್ಲಿ ಆ ಖಾಲಿ ದೊನ್ನೆ ಎರಡೂ ಇದ್ದವು. ಹಣೆಯ ಮೇಲೆ ಆಂಜನೇಯನ ಸಿಂಧೂರ, ಅವನ ಮೇಲೇ ಆಣೆ. ಜನ ನಕ್ಕಿದ್ದಕ್ಕಿಂತ ಹೆಚ್ಚಾಗಿ ಚುಚ್ಚಿದ್ದು ಬೇರೆ. ಅವಳು ನನ್ನ ಮಾತು ಕೇಳಿದ್ದರೆ ಇಲ್ಲದ ಕಾಯಿಲೆ ಬರೆದು ಮತ್ತೆ ಫೇಲಾಗುತ್ತಿದ್ದಳು. ಬಾಯಿ ಮಾಡಿ, ಅಳಿಸಿ, ಕೇಳಿಸಲು ನೋಡಿದವಳು ನಾನೇ. ಹೋದ ಸಲದ ಆ ಯಜಮಾನರ ಹಿಂದೆಯೂ ನಾನೇ ನಿಂತಿದ್ದೆ ಅನ್ನಿಸಿತು.

ಸ್ಕೂಟರಿನ ಹಿಂದೆ ಕೂತು, ಬ್ಯಾಗನ್ನು ಮಡಿಲಲ್ಲಿ ಅವಚಿಕೊಂಡು ಬಂದೆ. ಸಿಗ್ನಲ್ಲಿನಲ್ಲಿ ಅವಳು ತಿರುಗಿದಳು.

"ಎಷ್ಟು ದೊನ್ನೆ ತಿಂದೆ ಅಜ್ಜಿ?"

"ಎರಡು. ಒಂದು ನಿಂದು."

ಹೆಲ್ಮೆಟ್ಟಿನೊಳಗೆ ಅವಳು ನಕ್ಕ ಸದ್ದು ಕೇಳಿಸಿತು.

"ನಾನು ಕೂಗಾಡಿದಾಗ ಕೈ ನಡುಗ್ತಲ್ಲೇ ನಿಂಗೆ?"

"ನಡುಗ್ತು. ನೀನು ಅಂದ್ರೆ ಭಯ ಅಲ್ವಾ ನಂಗೆ."

ಭಯ ಅಂದಳು. ಅದನ್ನು ನಾನು ಇಷ್ಟು ವರ್ಷ ಮರ್ಯಾದೆ ಎಂದುಕೊಂಡಿದ್ದೆ.

ಕೆಲವು ದಿನಗಳ ಮೇಲೆ ಗುಡಿಯ ದಿಕ್ಕಿಗೂ ತಲೆ ಹಾಕದೆ, ನಿಜವಾದ ಖಾಲಿ ಹೊಟ್ಟೆಯಲ್ಲಿ ಹೋಗಿ ಮಲಗಿದೆ. ಪಿತ್ತಕೋಶ ತುಂಬಿಕೊಂಡು, ನುಣ್ಣಗೆ, ಬದನೆಕಾಯಿಯ ಹಾಗೇ ಇತ್ತು. ಕಾಯಿಲೆಯೂ ಇಲ್ಲ, ಕಸಾಲೆಯೂ ಇಲ್ಲ.

ಪರೀಕ್ಷೆಯ ಬೆಳಗ್ಗೆ ಎಂದಿನಂತೆ ಬಂದು ಕಾಲಿಗೆ ಬಿದ್ದಳು. ಅಭ್ಯಾಸದ ಬಲದಿಂದ "ದೊಡ್ಡೋರು" ಎಂದೆ. ಅಲ್ಲಿಗೇ ನಾಲಿಗೆ ಕಚ್ಚಿಕೊಂಡೆ. ಅವಳು ಬಗ್ಗಿದವಳು ಹಾಗೇ ಕಾಯುತ್ತಿದ್ದಳು.

"ನೋಡು ಕಣೇ. ಚೆನ್ನಾಗ್ ನೋಡಿ, ಕಂಡಿದ್ದನ್ನ ಹೇಳು. ಯಾರ್ ಬೇಕಾದ್ರೂ ಬಾಯಿ ಮಾಡ್ಲಿ."

ಎದ್ದು ನಿಂತು ನನ್ನನ್ನೇ ನೋಡಿದಳು, ತುಂಟಿ. "ಸರಿ. ಬೆಳಗ್ಗೆಯಿಂದ ಏನ್ ತಿಂದೆ ಹೇಳು ಅಜ್ಜಿ?"

"ಎರಡು ಇಡ್ಲಿ, ಒಂದು ಕಾಫಿ."

"ಅಷ್ಟೇನಾ?"

ಮುಖ ತಗ್ಗಿಸಿ ಹೇಳಿದೆ. "ಒಂದ್ ಉದ್ಧರಣೆ ತೀರ್ಥಾನೂ ಕುಡ್ದೆ ಕಣೇ."