ಅಜ್ಜಿಯ ರೆಪ್ಪೆಗೂದಲು

ಇವತ್ತು ಮೇಜಿನ ಖಾನೆ ಒರೆಸುವಾಗ ಹಳೆಯ ಕುಂಕುಮದ ಡಬ್ಬಿಯೊಂದು ಸಿಕ್ಕಿತು. ಒಳಗಿರುವುದು ಒಂದು ಹಲ್ಲುಕಡ್ಡಿ, ಅದರ ತುದಿಗೆ ಅಂಟಿಸಿದ ಒಂದೇ ಒಂದು ರೆಪ್ಪೆಗೂದಲು. ಮಾಟವೆಂದು ಹೆದರಬೇಡಿ, ಇದು ನನ್ನ ಸಂಶೋಧನೆಯ ಉಪಕರಣ.

ಜೀವಕೋಶ ಹೊರಗಿನದನ್ನು ಹೇಗೆ ಒಳಗೆ ತೆಗೆದುಕೊಳ್ಳುತ್ತದೆ ಎಂಬುದು ನನ್ನ ವಿಷಯ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಅದನ್ನು ನೋಡಬೇಕಾದರೆ ಕೋಶಗಳನ್ನು ರಾಳದಲ್ಲಿ ಗಟ್ಟಿ ಮಾಡಿ, ಸೋಪಿನ ಗುಳ್ಳೆಯ ಪೊರೆಯಷ್ಟು ತೆಳ್ಳಗೆ ಕತ್ತರಿಸಬೇಕು. ಹೋಳುಗಳು ಚಾಕುವಿನ ಪಕ್ಕದ ನೀರಿನ ಮೇಲೆ ಬೆಳ್ಳಿಯ ಹಾಗೆ ತೇಲುತ್ತವೆ. ಅವನ್ನು ಮೆಲ್ಲಗೆ, ಎತ್ತಿ ಸೂಕ್ಷ್ಮದರ್ಶಕದೊಳಗೆ ಇಡುವ ಪುಟ್ಟ ತಾಮ್ರದ ಜಾಲರಿಯ ಕಡೆಗೆ ತಳ್ಳಬೇಕು. ಅಷ್ಟು ದುಬಾರಿ ಯಂತ್ರಗಳಿರುವ ಕೋಣೆಯಲ್ಲಿ ಈ ಕೆಲಸಕ್ಕೆ ಒದಗುವುದು ರೆಪ್ಪೆಗೂದಲೇ.

ನನ್ನ ರೆಪ್ಪೆ ಗಿಡ್ಡ. ಅದರಿಂದಲೇ ತಳ್ಳಿ ನೋಡಿದ ಲೆಕ್ಕ ಆಗಿನ ದಿನಚರಿಯಲ್ಲಿದೆ: ಪ್ರಯತ್ನ ಹದಿನಾಲ್ಕು, ಮುಳುಗಿದ್ದು ಒಂಬತ್ತು, ಸುರುಟಿಕೊಂಡದ್ದು ಐದು. ಕುಡಿದ ಕಾಫಿ ಇಪ್ಪತ್ತೆರಡು, ಅದನ್ನೇಕೆ ಬರೆದೆನೋ. ರಾಳದ ಐದು ಅಚ್ಚುಗಳಲ್ಲಿ ಒಂದೇ ಉಳಿದಿತ್ತು. ಅದೂ ಹಾಳಾದರೆ ಕೋಶ ಬೆಳೆಸುವುದರಿಂದ ಮತ್ತೆ ಶುರು, ಇನ್ನಾರು ತಿಂಗಳು.

ಪ್ರಯೋಗಾಲಯದ ಹಿರಿಯ ತಂತ್ರಜ್ಞೆ ಶಾರದಾ ಮೇಡಂ ನನ್ನ ಕಡ್ಡಿಯನ್ನು ಬೆಳಕಿಗೆ ಹಿಡಿದು, "ಇದು ರೆಪ್ಪೆ ಅಲ್ಲಪ್ಪ, ಪೊರಕೆ. ಮನೇಲಿ ಉದ್ದ ರೆಪ್ಪೆ ಇರೋರು ಯಾರೂ ಇಲ್ವಾ?" ಎಂದರು.

ಇದ್ದರು. ಉಲ್ಲಾಳದ ಪ್ರಯೋಗಾಲಯದಿಂದ ಬಸವೇಶ್ವರನಗರದ ಮನೆಯವರೆಗೂ ಬಸ್ಸಿನಲ್ಲಿ ಹೇಗೆ ಕೇಳುವುದೆಂದು ಯೋಚಿಸಿ, ಕೊನೆಗೆ ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿಯ ಮುಂದೆ ಚಿಮಟ ಹಿಡಿದೇ ನಿಂತೆ.

"ಕೀಳೋಕೆ ಬಂದ್ರೆ ಕೈ ಮುರೀತೀನಿ. ಬಿದ್ದಾಗ ತಗೋ."

"ಯಾವಾಗ ಬೀಳುತ್ತೆ ಅಜ್ಜಿ?"

"ಎಲ್ಲಾನೂ ಬರ್ಕೋತೀಯಲ್ಲ, ಇದನ್ನೂ ಎಣಿಸ್ತಾ ಕೂತ್ಕೋ."

ಎಣಿಸಿದೆ. ಎಂಟು ದಿನ ಅವರ ದಿಂಬು, ಕನ್ನಡಕ, ಪತ್ರಿಕೆಯ ಮಡಿಕೆಗಳನ್ನು ಶೋಧಿಸಿದೆ. ಒಂಬತ್ತನೆಯ ದಿನ ಬೆಳಿಗ್ಗೆ ಅಜ್ಜಿಯೇ ಕರೆದು ಈ ಡಬ್ಬಿ ಕೊಟ್ಟರು.

"ಬಿತ್ತಾ?"

"ಹೂಂ," ಎಂದರು, ನೀರೂರಿದ್ದ ಬಲಗಣ್ಣು ಒರೆಸಿಕೊಳ್ಳುತ್ತ.

ಪ್ರಯತ್ನ ಹದಿನೈದು, ದಕ್ಕಿದ್ದು ಒಂದು. ಪರದೆಯ ಮೇಲೆ ಕೋಶದ ಅಂಚು ಒಳಕ್ಕೆ ಬಾಗಿ ಪುಟ್ಟ ಗುಳಿಯಾಗಿತ್ತು. ಅದರೊಳಗೆ, ನಾವು ಗುರುತಿಗೆಂದು ಸೇರಿಸಿದ್ದ ಚಿನ್ನದ ಕಣಗಳು, ಎಲೆಕ್ಟ್ರಾನ್ ಕಿರಣ ತಡೆದು ಕಪ್ಪಾಗಿ ಕಂಡ ಮೂರು ಚುಕ್ಕೆ. ಚಿತ್ರವನ್ನು ಅಜ್ಜಿಗೆ ತೋರಿಸಿದೆ. "ಬೊಗಸೆ ಒಡ್ಡಿ ನೀರು ಕುಡಿಯೋ ಹಾಗಿದೆ ಕಣೋ," ಎಂದರು. ನನ್ನ ಪ್ರಬಂಧದ ನಾಲ್ಕು ಪುಟ ಹೇಳುವುದೂ ಅಷ್ಟನ್ನೇ.

ಈಗ ಡಬ್ಬಿ ಹಿಡಿದು ಅಜ್ಜಿ ಕೂತಿದ್ದ ಹಜಾರಕ್ಕೆ ಹೋದೆ. "ಅಜ್ಜಿ, ಇದು ನಿಜವಾಗ್ಲೂ ತಾನಾಗೇ ಬಿತ್ತಾ?"

"ಕೆಲಸ ಆಯ್ತಲ್ಲ, ಇನ್ನೂ ಯಾಕೆ ಲೆಕ್ಕ?" ಪತ್ರಿಕೆಯಿಂದ ತಲೆ ಎತ್ತಲಿಲ್ಲ.

ವಾಪಸು ಬಂದು ದಿನಚರಿಯಲ್ಲಿ ಆ ದಿನದ ಪುಟ ತೆಗೆದೆ. 'ತಾನಾಗಿ ಬಿದ್ದದ್ದು: ಒಂದು' ಎಂದಿತ್ತು. ಪ್ರಯೋಗಾಲಯದ ರೂಢಿಯಂತೆ, ಹಳೆಯದೂ ಓದಲು ಬರುವ ಹಾಗೆ ಅದರ ಮೇಲೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ 'ಕಿತ್ತು ಕೊಟ್ಟದ್ದು' ಎಂದು ತಿದ್ದಿ, ಇವತ್ತಿನ ತಾರೀಖು ಹಾಕಿದೆ.