ಸೀಗಡಿ ಡಾಕ್ಟರು

ನಮ್ಮ ಪಕ್ಕದ ಮನೆಯವರನ್ನು ಬೀದಿಯವರೆಲ್ಲ ಸೀಗಡಿ ಡಾಕ್ಟರು ಎನ್ನುತ್ತಾರೆ. ಸೀಗಡಿ ಮರಿ ಮಾಡಿಸುವ ಕೇಂದ್ರದಲ್ಲಿ ತಾಯಿ ಸೀಗಡಿಗಳಿಂದ ಮೊಟ್ಟೆ ಇಡಿಸುವುದು ಅವರ ಉದ್ಯೋಗ. ಗೇಟಿನ ಬಳಿ ಸಿಕ್ಕರೆ ಸಾಕು, ಪಾಠ ಶುರು: "ಮೇಷ್ಟ್ರೇ, ಅದರ ಕಣ್ಣಿನ ತೊಟ್ಟಿನಲ್ಲಿ ಒಂದು ಗ್ರಂಥಿ ಇದೆ. 'ಈಗಲೇ ಮೊಟ್ಟೆ ಬೇಡ' ಅಂತ ತಡೆಯೋ ಹಾರ್ಮೋನು ಅಲ್ಲಿಂದಲೇ ಬರತ್ತೆ. ಒಂದು ಕಣ್ಣು ಕತ್ತರಿಸಿದ್ರೆ ತಡೆ ಕಡಿಮೆ ಆಗತ್ತೆ." ಮೊಟ್ಟೆ ಕಟ್ಟುವುದು ಹೊಟ್ಟೆಯಲ್ಲಿ, ಅಪ್ಪಣೆ ಕಣ್ಣಿನದು, ನನಗೆ ತಲೆಬುಡ ತಿಳಿಯದು. ತಿಳಿಯಿತೆಂದು ತಲೆಯಾಡಿಸಿದರೆ ಮತ್ತೆ ಮೊದಲಿನಿಂದ ಹೇಳುತ್ತಾರೆ. "ಬಿಡ್ರೀ ಮೇಷ್ಟ್ರನ್ನ, ಕೈಯಲ್ಲಿರೋ ಹಾಲು ಮೊಸರಾಗತ್ತೆ!" ಎಂದು ಅವರ ಹೆಂಡತಿ ಕೂಗಿದಾಗಲೇ ನನಗೆ ಬಿಡುಗಡೆ. ಕತ್ತರಿ ಹಿಡಿದಾಗ ಡಾಕ್ಟರು ತಮ್ಮದೂ ಒಂದು ಕಣ್ಣು ಮುಚ್ಚಿಕೊಳ್ಳುತ್ತಾರಂತೆ. ಕಣ್ಣು ಕತ್ತರಿಸದೆ, ಆ ಹಾರ್ಮೋನಿನ ಜೀನನ್ನೇ ಸುಮ್ಮನಾಗಿಸುವ ಚುಚ್ಚುಮದ್ದನ್ನು ಈ ಸಲ ಹನ್ನೆರಡಕ್ಕೆ ಕೊಟ್ಟರು. ಹೋಲಿಸಿ ನೋಡಲು ಇನ್ನು ಹನ್ನೆರಡಕ್ಕೆ ಬರೀ ಉಪ್ಪುನೀರು ಚುಚ್ಚಿದರು. ಮದ್ದು ಫಲಿಸಿತೆಂದು ಖಚಿತವಾಗದಿದ್ದರೆ ಎಲ್ಲಕ್ಕೂ ಕತ್ತರಿಯೇ ಎಂದು ಕೇಂದ್ರದ ಯಜಮಾನರ ಕಟ್ಟಪ್ಪಣೆ. ಗುರುತಿಗೆ ಬೆನ್ನ ಮೇಲೆ ಬಣ್ಣದ ಅಂಕಿ ಬರೆದು ಎಲ್ಲವನ್ನೂ ಒಂದೇ ತೊಟ್ಟಿಗೆ ಬಿಟ್ಟರು. ಸೀಗಡಿಗಳು ಚಿಪ್ಪು ಕಳಚಿದವು; ಅಂಕಿಗಳೂ ಚಿಪ್ಪಿನೊಂದಿಗೇ ತಳ ಸೇರಿದವು. ಈಗ ಐದು ಮೊಟ್ಟೆ ಕಟ್ಟಿವೆ, ಮದ್ದಿನಿಂದಲೋ ತಾವಾಗಿಯೋ ದೇವರೇ ಬಲ್ಲ. "ಯಜಮಾನರಿಗೆ ಏನೆಂದಿರಿ?" ಎಂದು ನಿನ್ನೆ ಕೇಳಿದೆ. ಡಾಕ್ಟರು ಮೊದಲ ಬಾರಿಗೆ ಪಾಠ ಮಾಡಲಿಲ್ಲ. "ಗೊತ್ತಿಲ್ಲ ಅಂದುಬಿಟ್ಟೆ, ಮೇಷ್ಟ್ರೇ. ಮದ್ದಿನಿಂದಲೇ ಅಂದಿದ್ರೆ ಉಳಿದವುಗಳ ಹತ್ತೊಂಬತ್ತು ಕಣ್ಣು ಉಳೀತಿತ್ತು," ಎಂದರು.