ನಲವತ್ತೊಂದನೆಯ ಪುಟದ ಬಾಗಿಲು

ಪೊಲಿಕ್ಸೇನಿ ವರ್ದಾಕಿ ತನ್ನ ಮೂವತ್ತಾರು ವರ್ಷಗಳ ನೌಕರಿಯಲ್ಲಿ ಸಹಿ ಹಾಕಲು ನಿರಾಕರಿಸಿದ್ದು ಒಂದೇ ಒಂದು ಬಾರಿ. ಆ ಒಂದು ಬಾರಿಯ ಬಗ್ಗೆ ಕ್ರೀಟ್ ದ್ವೀಪದ ಉತ್ತರ ಕರಾವಳಿಯಲ್ಲಿ ನಾನಾ ಬಗೆಯ ಮಾತುಗಳು ಹಬ್ಬಿವೆ. ಆಕೆ ನೌಕಾನೆಲೆಯ ಬಾಗಿಲು ಮುರಿದಳೆಂದು ಕೆಲವರು ಹೇಳುತ್ತಾರೆ, ಅಧಿಕಾರಿಯ ಕೆನ್ನೆಗೆ ಬಾರಿಸಿದಳೆಂದು ಇನ್ನು ಕೆಲವರು. ಎರಡೂ ಶುದ್ಧ ಸುಳ್ಳು. ಆಕೆ ಬಾಗಿಲನ್ನು ಮುಟ್ಟಲೇ ಇಲ್ಲ. ತೆಗೆಯಲು ಬಂದವನನ್ನೇ ತಡೆದಳು. ಕಾಫಿ ಅಂಗಡಿಯ ಕಟ್ಟೆಯ ಮೇಲೆ ಕುಳಿತು ಬಾಯಿಗೆ ಬಂದದ್ದನ್ನು ಆಡುವವರಿಗಾಗಿಯಾದರೂ ನಡೆದದ್ದನ್ನು ನಡೆದಂತೆ ಬರೆದಿಡಬೇಕಾಗಿದೆ.

ಆಕೆ ಹುಟ್ಟಿದ್ದು 1954ರಲ್ಲಿ, ಅಲಿಕೆಸ್ ಎಂಬ ಹನ್ನೊಂದು ಮನೆಗಳ ಮೀನುಗಾರರ ಕೇರಿಯಲ್ಲಿ. ಮುಂದೆ ಸಮುದ್ರ, ಹಿಂದೆ ಗುಡ್ಡ, ಗುಡ್ಡದ ನೆತ್ತಿಯಲ್ಲಿ ಸಂತ ಕಿರಿಯಾಕಿಯ ಪುಟ್ಟ ಗುಡಿ. 1962ರಲ್ಲಿ ವಿದೇಶಿಯರ ನೌಕಾನೆಲೆ ಬಂದಾಗ ಗುಡ್ಡವೂ ಗುಡಿಯೂ ಬೇಲಿಯೊಳಗೆ ಸೇರಿಹೋದವು. ಹನ್ನೊಂದು ಮನೆಗಳು ಬೇಲಿಗೂ ನೀರಿಗೂ ನಡುವೆ ಉಳಿದವು. ಕೇರಿಯ ಪರವಾಗಿ ಒಪ್ಪಂದಕ್ಕೆ ಸಹಿ ಹಾಕಿದವನು ಪೊಲಿಕ್ಸೇನಿಯ ತಂದೆ, ಬಲೆ ನೇಯುವ ಸ್ತ್ರಾತಿಸ್. ಅವನು ಹಟ ಹಿಡಿದು ಬರೆಸಿಕೊಂಡದ್ದು ಒಂದೇ ಷರತ್ತು: ಅಲಿಕೆಸ್ ಕಡೆಗೆ ಬೇಲಿಯಲ್ಲಿ ಒಂದು ಸಣ್ಣ ಕಬ್ಬಿಣದ ಬಾಗಿಲು ಇರಬೇಕು, ಅದರ ಒಂದು ಕೀಲಿ ಕೇರಿಯಲ್ಲಿರಬೇಕು. ಪ್ರತಿ ಶನಿವಾರ ಸಂಜೆ ಕೇರಿಯ ಹೆಂಗಸರು ಎಣ್ಣೆ ಹಿಡಿದು ಹತ್ತಿ ಹೋಗಿ ಗುಡಿಯ ದೀಪ ಹಚ್ಚಿ ಬರುತ್ತಿದ್ದರು. ಅದೇ ಹಿಂಬಾಗಿಲು.

ಪೊಲಿಕ್ಸೇನಿ 1979ರಲ್ಲಿ ನೆಲೆಗೆ ಟೈಪಿಸ್ಟ್ ಆಗಿ ಸೇರಿದಳು, 1988ರಲ್ಲಿ ತುರ್ತು ಯೋಜನಾ ಕಚೇರಿಗೆ ಬಂದಳು. ಭೂಕಂಪ, ಕಾಡ್ಗಿಚ್ಚು, ಇಂಧನ ತೊಟ್ಟಿಗೆ ಬೆಂಕಿ, ಸಮುದ್ರದ ಹೆದ್ದೆರೆ: ಯಾವುದು ಬಂದರೆ ಯಾರು ಎಲ್ಲಿಗೆ ಓಡಬೇಕು, ಯಾವ ವಾಹನ ಮೊದಲು ಹೊರಡಬೇಕು ಎಂಬುದನ್ನೆಲ್ಲ ಬರೆದಿಡುವ ಕಚೇರಿ ಅದು. ಯೋಜನೆ ಇನ್ನೂರ ಹನ್ನೆರಡು ಪುಟ. ಎರಡೆರಡು ವರ್ಷಕ್ಕೊಮ್ಮೆ ಹೊಸ ಮುಖ್ಯಸ್ಥ ಹಡಗಿಳಿದು ಬರುತ್ತಿದ್ದ, ಮೊದಲ ಪುಟದ ಹೆಸರನ್ನೂ ದಿನಾಂಕವನ್ನೂ ಬದಲಿಸುತ್ತಿದ್ದ, ಸ್ಥಳೀಯರೊಂದಿಗೆ ಒಂದು ಫೋಟೋ ತೆಗೆಸಿಕೊಂಡು ಹಡಗು ಹತ್ತುತ್ತಿದ್ದ. ಹೀಗೆ ಹನ್ನೆರಡು ಮಂದಿ ಬಂದು ಹೋದರು. ಉಳಿದ ಇನ್ನೂರ ಹನ್ನೊಂದು ಪುಟಗಳನ್ನು ಬಲ್ಲವಳು ಆಕೆ ಒಬ್ಬಳೇ.

2001ರ ಚಳಿಗಾಲದಲ್ಲಿ ಭದ್ರತೆಯ ಹೆಸರಿನಲ್ಲಿ ಎಲ್ಲ ಬೀಗಗಳೂ ಬದಲಾದವು. ಕೇರಿಯ ಕೀಲಿ ಮೊಳೆಯಲ್ಲಿ ನೇತಾಡುವ ಕಬ್ಬಿಣದ ತುಂಡಾಯಿತು. ಶನಿವಾರದ ದೀಪ ನಿಂತಿತು. ಜುಲೈ ಏಳರ ಹಬ್ಬಕ್ಕೆ ಮಾತ್ರ, ಹೆಸರು ಬರೆಸಿ ಚೀಟಿ ಪಡೆದವರಿಗೆ ಮುಂಬಾಗಿಲಿನಿಂದ ಪ್ರವೇಶ. ಅದೇ ವರ್ಷ ನಲವತ್ತೊಂದನೆಯ ಪುಟಕ್ಕೆ ಒಂದು ಹೊಸ ವಾಕ್ಯ ಸೇರಿತು: "ಎಚ್ಚರಿಕೆಯ ಸೈರನ್ ಮೊಳಗಿದ ಒಡನೆ ನೆಲೆಯ ಎಲ್ಲ ಬಾಗಿಲುಗಳನ್ನೂ ಮುಚ್ಚತಕ್ಕದ್ದು." ಅದನ್ನು ಟೈಪ್ ಮಾಡಿದವಳು ಪೊಲಿಕ್ಸೇನಿ. ಅಂದು ಆಕೆ ಅಕ್ಷರ ಅಕ್ಷರವನ್ನೂ ಎರಡು ಸಲ ಪರಿಶೀಲಿಸಿದಳು. ಅರ್ಥವನ್ನು ಒಂದು ಸಲವೂ ಪರಿಶೀಲಿಸಲಿಲ್ಲ. ಈ ಮಾತನ್ನು ಆಕೆ ಯಾರಿಂದಲೂ ಮುಚ್ಚಿಡಲಿಲ್ಲ.

ಹದಿನಾಲ್ಕು ವರ್ಷಗಳ ಮೇಲೆ, 2015ರ ಜನವರಿಯಲ್ಲಿ, ಪುರಸಭೆಯಿಂದ ಒಂದು ನಕ್ಷೆ ಬಂತು. ಕೊಲ್ಲಿಯ ಹೊರಗೆ ಭೂಮಿ ನಡುಗಿದರೆ ಅಲೆ ಅಲಿಕೆಸ್ ತಲುಪಲು ಹದಿನಾಲ್ಕು ನಿಮಿಷ ಎಂದು ಅದರಲ್ಲಿತ್ತು. ಪೊಲಿಕ್ಸೇನಿ ಆ ಭಾನುವಾರವೇ ಅಳತೆಯ ಟೇಪು, ತಂದೆಯ ಹಳೆಯ ಕೈಗಡಿಯಾರ ಹಿಡಿದು ಕೇರಿಗೆ ಇಳಿದಳು. ಹಿಂಬಾಗಿಲಿನ ಮೂಲಕ ಗುಡಿಗೆ ನಾನೂರ ಹತ್ತು ಮೀಟರ್. ಬೇಲಿಯನ್ನು ಸುತ್ತಿ ಎತ್ತರದ ಜಾಗ ಸೇರಲು ಎರಡು ಸಾವಿರದ ಮುನ್ನೂರ ನಲವತ್ತು. ಕೇರಿಯ ಹಿರಿಯಳು, ಎಲ್ಲರೂ ಗೌರವದಿಂದ ಕಿರಾ ಎಂದು ಕರೆಯುವ ಎಂಬತ್ತಮೂರರ ವಿಧವೆ ಅರ್ಗಿರೊ, ಕೋಲೂರಿಕೊಂಡು ಬೇಲಿಯ ಸುತ್ತು ನಡೆದು ತೋರಿಸಿದಳು.

"ಎಷ್ಟಾಯ್ತು ಮಗಳೇ?"

"ಐವತ್ತೊಂದು ನಿಮಿಷ, ಅಜ್ಜಿ."

"ಅಯ್ಯೋ, ಅಷ್ಟೊತ್ತಿಗೆ ಆ ಅಲೆ ಬಂದು, ನನ್ನ ಮನೇಲಿ ಕಾಫಿ ಕುಡಿದು, ವಾಪಸ್ ಹೋಗಿರತ್ತೆ!"

ಗಟ್ಟಿಮುಟ್ಟಾದ ಮೀನುಗಾರನಿಗೂ ಇಪ್ಪತ್ತಾರು ನಿಮಿಷ ಹಿಡಿಯಿತು. ಹಿಂಬಾಗಿಲು ತೆರೆದಿದ್ದರೆ ಅರ್ಗಿರೊ ಅಜ್ಜಿಗೂ ಹನ್ನೊಂದೇ ನಿಮಿಷ ಸಾಕು ಎಂಬುದು ಜುಲೈ ಹಬ್ಬದ ದಿನ ಸಾಬೀತಾಯಿತು. ಅಂದು ಚೀಟಿ ಪಡೆದು ಒಳಬಂದ ಮುದುಕಿಯನ್ನು ಪೊಲಿಕ್ಸೇನಿ ಒಳಗಿನಿಂದ ಹಿಂಬಾಗಿಲಿನ ತನಕ ಇಳಿಸಿ, ಮತ್ತೆ ಗುಡಿಗೆ ಹತ್ತಿಸಿ, ಸಮಯ ಬರೆದುಕೊಂಡಳು.

ಆಗಿನ ಮುಖ್ಯಸ್ಥ ಪ್ರಾಥರ್ ಎಂಬ ಕ್ಯಾಪ್ಟನ್, ಹದಿಮೂರನೆಯವನು. ಕೆಟ್ಟವನಲ್ಲ, ಅವನ ಕಣ್ಣು ಬೇಲಿಯ ತನಕ ಮಾತ್ರ ಕಾಣುತ್ತಿತ್ತು, ಅಷ್ಟೆ. ಹೊಸ ಯೋಜನೆಗೆ ಮೂರು ಸಹಿ ಬೀಳಬೇಕಿತ್ತು: ಅವನದು, ಪುರಸಭೆಯದು, ಸ್ಥಳೀಯ ಸಂಯೋಜಕಿಯಾದ ಪೊಲಿಕ್ಸೇನಿಯದು. ಮೊದಲೆರಡು ಆಗಲೇ ಬಿದ್ದಿದ್ದವು.

"ಕಿರಿಯಾ ಪೊಲಿಕ್ಸೇನಿ, ಬೇಲಿಯಾಚೆ ಇರೋರು ಪುರಸಭೆ ಜವಾಬ್ದಾರಿ," ಎಂದ ಪ್ರಾಥರ್, ಶ್ರೀಮತಿ ಎಂಬರ್ಥದ ಸ್ಥಳೀಯ ಪದವನ್ನು ಬಳಸಿ.

"ಪುರಸಭೆಯೋರನ್ನ ಕೇಳಿದೆ, ಸ್ವಾಮಿ. ಬಾಗಿಲು ನೆಲೆಯದ್ದು, ನಮ್ಮದಲ್ಲ ಅಂದ್ರು."

"ಅದೂ ನಿಜ ತಾನೇ?"

"ಎರಡೂ ನಿಜ. ಕೇರಿಯ ಇಪ್ಪತ್ತಾರು ಜನ ಸಾಯೋದೂ ನಿಜ. ಮೂರನೇದು ಮಾತ್ರ ಯಾವ ಪುಟದಲ್ಲೂ ಇಲ್ಲ."

ಪ್ರಾಥರ್ ಪೆನ್ನಿನ ಮುಚ್ಚಳ ತೆಗೆದು ಮುಂದಿಟ್ಟ. "ಅಕ್ಟೋಬರಿನಲ್ಲಿ ನಿಮ್ಮ ನಿವೃತ್ತಿ. ಮೂವತ್ತಾರು ವರ್ಷ ಕಪ್ಪು ಚುಕ್ಕೆ ಇಲ್ಲದೆ ದುಡಿದಿದ್ದೀರಿ. ಕೊನೇಲಿ ಯಾಕೆ?"

"ಕಪ್ಪು ಚುಕ್ಕೆ ಇದೆ. ನಲವತ್ತೊಂದನೇ ಪುಟದಲ್ಲಿ. ನಾನೇ ಟೈಪ್ ಮಾಡಿದ್ದು." ಆಕೆ ಮುಚ್ಚಳವನ್ನು ಪೆನ್ನಿಗೆ ತೊಡಿಸಿ ಹಿಂದಕ್ಕೆ ತಳ್ಳಿದಳು. "ಸೈರನ್ ಆದ ಕೂಡಲೆ ಹಿಂಬಾಗಿಲು ತೆಗೀತೀವಿ ಅಂತ ಬರೀರಿ. ಈಗಿಂದೀಗಲೇ ಸಹಿ ಹಾಕ್ತೀನಿ."

ಅವನು ಬರೆಯಲಿಲ್ಲ; ಆಕೆ ಹಾಕಲಿಲ್ಲ. ಕರ್ತವ್ಯಲೋಪ ಎಂದು ಒಂದು ಎಚ್ಚರಿಕೆಯ ಪತ್ರ ಬಂತು. ಅದರಲ್ಲಿ ದಿನಾಂಕ ತಪ್ಪಾಗಿತ್ತು. ಆಕೆ ಕೆಂಪು ಶಾಯಿಯಲ್ಲಿ ತಿದ್ದಿ ಮರಳಿಸಿದಳು.

ಸೆಪ್ಟೆಂಬರ್ ಹದಿನೆಂಟು, ಶುಕ್ರವಾರ, ಬೆಳಿಗ್ಗೆ ಹತ್ತಕ್ಕೆ ವಾರ್ಷಿಕ ಅಣಕು ಕಾರ್ಯಾಚರಣೆ. ಕೇಂದ್ರ ಕಚೇರಿಯಿಂದ ಒಬ್ಬಳು ತಪಾಸಣಾಧಿಕಾರಿ ಬಂದು ನಿಯಂತ್ರಣ ಕೊಠಡಿಯಲ್ಲಿ ಕುಳಿತಿದ್ದಳು. ಸಂಯೋಜಕಿ ಯಾವುದೇ ಬಾಗಿಲಿನ ಬಳಿ, ಅದರ ಯಾವುದೇ ಬದಿಯಲ್ಲಿ ನಿಂತು ವರದಿ ಮಾಡಬಹುದೆಂದು ಅರವತ್ತಮೂರನೆಯ ಪುಟ ಹೇಳುತ್ತದೆ. ಪೊಲಿಕ್ಸೇನಿ ರೇಡಿಯೋ ಹಿಡಿದು ಹಿಂಬಾಗಿಲಿನ ಹೊರಗೆ ನಿಂತಳು. ಹಿಂದಿನ ದಿನವೇ ಕೇರಿಯ ಮನೆಮನೆಗೂ ಹೋಗಿ, "ನಾಳೆ ಸೈರನ್ ಕೂಗತ್ತೆ, ಅಣಕು ಅಷ್ಟೆ. ಆದ್ರೆ ನಿಜವಾಗಿ ಕೂಗಿದ್ರೆ ಹೇಗೆ ಬರ್ತೀರೋ ಹಾಗೇ ಬನ್ನಿ," ಎಂದು ಹೇಳಿ ಬಂದಿದ್ದಳು. ಎಲ್ಲಿಗೆ ಎಂದು ಯಾರೂ ಕೇಳಲಿಲ್ಲ. 1941ರಲ್ಲಿ ಬಾಂಬು ಬೀಳುವಾಗಲೂ ಅಲಿಕೆಸ್ ಜನ ಓಡಿದ್ದು ಸಂತ ಕಿರಿಯಾಕಿಯ ಗುಡಿಗೇ.

ಸೈರನ್ ಮೊಳಗಿತು. ನೆಲೆಯ ಕುಟುಂಬಗಳು ಬಸ್ಸಿನಲ್ಲಿ ಗುಡ್ಡ ಹತ್ತಿದವು. ಹಿಂಬಾಗಿಲಿನ ಮುಂದೆ ಕೇರಿಯ ಇಪ್ಪತ್ತಾರೂ ಮಂದಿ ಬಂದು ನಿಂತರು. ಒಬ್ಬಾಕೆಯನ್ನು ಕುರ್ಚಿಯ ಸಮೇತ ಹೊತ್ತು ತಂದಿದ್ದರು, ಮೂವರು ಕೋಲೂರಿಕೊಂಡಿದ್ದರು, ಮೂರು ಮೇಕೆಗಳೂ ಬಂದಿದ್ದವು. ಕಿರಾ ಅರ್ಗಿರೊ ಎಣ್ಣೆಯ ಬಾಟಲಿ ಹಿಡಿದಿದ್ದಳು.

"ಅಜ್ಜಿ, ಎಣ್ಣೆ ಯಾಕೆ?"

"ಬಾಗಿಲ ತನಕ ಹೇಗೂ ಬರ್ತೀನಲ್ಲ. ತೆಗೆದ್ರೆ ದೀಪ ಹಚ್ತೀನಿ. ತೆಗೀದಿದ್ರೆ ಇವರ ಬೀಗಕ್ಕೆ ಹಾಕ್ತೀನಿ, ಗಂಟಲು ಒಣಗಿರಬೇಕು ಪಾಪ."

ಪೊಲಿಕ್ಸೇನಿ ರೇಡಿಯೋ ಒತ್ತಿದಳು. "ಮೂರನೇ ನಿಮಿಷ. ಹಿಂಬಾಗಿಲ ಹೊರಗೆ ಇಪ್ಪತ್ತಾರು ಜನ. ನಾಲ್ವರಿಗೆ ನಡೆಯೋದು ಕಷ್ಟ. ಬಾಗಿಲು ಮುಚ್ಚಿದೆ."

"ಕಿರಿಯಾ ಪೊಲಿಕ್ಸೇನಿ," ಪ್ರಾಥರನ ದನಿ ಬಿಗಿಯಾಗಿತ್ತು, "ರೇಡಿಯೋ ಖಾಲಿ ಬಿಡಿ."

"ಐವತ್ತೆಂಟನೇ ಪುಟ, ಸ್ವಾಮಿ. ಅಪಾಯದಲ್ಲಿರೋ ಜನರ ಸುದ್ದಿಗೆ ಮೊದಲ ಹಕ್ಕು. ನಾಲ್ಕನೇ ನಿಮಿಷ. ಬಾಗಿಲು ಮುಚ್ಚಿದೆ."

ಬಾಗಿಲಿನ ಒಳಗಡೆ ಕಾವಲಿದ್ದವನು ಮನೂಸೊಸ್, ಪಕ್ಕದ ಹಳ್ಳಿಯವನು, ಐವತ್ತು ದಾಟಿದವನು. ಅವನ ಮಗಳಿಗೆ ಜ್ಞಾನಸ್ನಾನದಲ್ಲಿ ಹೆಸರಿಟ್ಟವಳೇ ಪೊಲಿಕ್ಸೇನಿ. ಹನ್ನೊಂದನೆಯ ನಿಮಿಷದಲ್ಲಿ ಅವನು ಜೇಬಿನಿಂದ ಕೀಲಿ ತೆಗೆದ.

"ಅಕ್ಕಾ, ತೆಗೆದ್ಬಿಡ್ತೀನಿ. ಈ ಮುದುಕಿ ಮುಖ ನೋಡಕ್ಕಾಗಲ್ಲ ನಂಗೆ."

"ಮುಟ್ಟಬೇಡ."

"ಏನಂದೆ?"

"ಬೀಗ ಮುಟ್ಟಬೇಡ ಅಂದೆ! ಇವತ್ತು ನೀನು ಕರುಣೆಯಿಂದ ತೆಗೀತೀಯ. ಅವರು ಎಲ್ಲಾ ಸರಿಯಿತ್ತು ಅಂತ ಬರ್ಕೋತಾರೆ. ನಿನ್ನ ಕೆಲಸ ಹೋಗತ್ತೆ. ನಿಜವಾದ ಅಲೆ ಬಂದ ದಿನ ಇಲ್ಲಿ ನಿಂತಿರೋನು ಇನ್ಯಾರೋ. ಅವನಿಗೆ ಕರುಣೆ ಇರತ್ತೆ ಅಂತ ಯಾವ ಪುಟದಲ್ಲಿ ಬರೆದಿದೆ, ತೋರ್ಸು!"

ಮನೂಸೊಸ್ ಕೀಲಿಯನ್ನು ಮತ್ತೆ ಜೇಬಿಗೆ ಇಳಿಸಿದ.

ಹದಿನಾಲ್ಕನೆಯ ನಿಮಿಷಕ್ಕೆ ಪೊಲಿಕ್ಸೇನಿ ಹೆಸರುಗಳನ್ನು ಓದತೊಡಗಿದಳು. "ಅರ್ಗಿರೊ ಸ್ಕಾಂದಾಲಿ, ಎಂಬತ್ತಮೂರು. ಲೆಫ್ತೇರಿಸ್ ಸ್ಕಾಂದಾಲಿಸ್, ಐವತ್ತೆಂಟು. ಥೆಯೊನಿಂಫಿ ಪ್ಸಾರಾಕಿ, ಮೂವತ್ತನಾಲ್ಕು. ಆಕೆಯ ಮಗು ಜಂಬಿಯಾ, ಎರಡು ವರ್ಷ..." ಯಾವ ಹೆಸರಿನ ಮೇಲೂ ಹೆಚ್ಚು ಭಾರ ಹಾಕದೆ, ಹಾಜರಿ ಕರೆದಂತೆ, ಇಪ್ಪತ್ತಾರನ್ನೂ ಓದಿದಳು. "ಇವರೆಲ್ಲ ಮೃತರು. ವರದಿ ಮುಗಿಯಿತು."

"ನಾನು ಸತ್ತೆನಾ?" ಎಂದ ಲೆಫ್ತೇರಿಸ್. "ಹಾಗಾದ್ರೆ ಸಾವಿನ ಮನೇಲಿ ಬಂದೋರಿಗೆ ಕೊಡೋ ಕಾಫಿ, ಬ್ರಾಂದಿ ಎಲ್ಲಿ?"

"ಅಲ್ಲಿ ಒಳಗಿರೋರನ್ನ ಕೇಳು," ಎಂದಳು ಅವನ ತಾಯಿ ಅರ್ಗಿರೊ. "ಕೊಂದೋರು ಕೊಡಬೇಕು."

ಮಧ್ಯಾಹ್ನ ನಿಯಂತ್ರಣ ಕೊಠಡಿಯಲ್ಲಿ ಫಲಿತಾಂಶದ ನಮೂನೆ ಮೇಜಿನ ಮೇಲಿತ್ತು. ಪ್ರಾಣಹಾನಿ ಎಂಬ ಅಂಕಣದಲ್ಲಿ ಪ್ರಾಥರ್ ಸೊನ್ನೆ ಬರೆದಿದ್ದ. ಪೊಲಿಕ್ಸೇನಿ ಪೆನ್ನು ಮುಟ್ಟಲಿಲ್ಲ. ತಪಾಸಣಾಧಿಕಾರಿ ಆ ಸೊನ್ನೆಯನ್ನೂ ಮುಟ್ಟದ ಪೆನ್ನನ್ನೂ ನೋಡಿದಳು.

"ಹದಿನಾಲ್ಕು ನಿಮಿಷ ಅಂತ ಹೇಳಿದ್ದು ಯಾರು?"

"ಪುರಸಭೆಯ ನಕ್ಷೆ. ನಿಮ್ಮ ಯೋಜನೆಯ ಅನುಬಂಧದಲ್ಲೂ ಅದೇ ಇದೆ."

"ಬೇಲಿ ಸುತ್ತಿ ಹೋಗೋಕೆ ಐವತ್ತೊಂದು ಅಂದೋರು?"

"ನಾನು. ಈ ಗಡಿಯಾರ. ಮತ್ತೆ ಅರ್ಗಿರೊ ಅಜ್ಜಿ ಕಾಲು. ನಂಬಿಕೆ ಇಲ್ಲದಿದ್ರೆ ಅಜ್ಜಿ ಈಗ್ಲೇ ಇನ್ನೊಂದು ಸಲ ನಡೆಯೋಕೆ ತಯಾರು. ನೀವೂ ಜೊತೆಗೆ ನಡೀಬೇಕು ಅಷ್ಟೆ."

ತಪಾಸಣಾಧಿಕಾರಿ ನಡೆದಳು. ಈ ಸಂಗತಿಯನ್ನು ಯಾರೂ ಹೇಳುವುದಿಲ್ಲ, ಆದ್ದರಿಂದ ಇಲ್ಲಿ ಹೇಳಬೇಕಾಗಿದೆ. ಸೆಪ್ಟೆಂಬರಿನ ಬಿಸಿಲಿನಲ್ಲಿ ಮುದುಕಿಯ ಪಕ್ಕದಲ್ಲಿ ಬೇಲಿಯ ಸುತ್ತ ನಡೆದಳು. ಐವತ್ತನಾಲ್ಕು ನಿಮಿಷವಾಯಿತು. ಮರಳಿ ಬಂದವಳು ನಮೂನೆಯನ್ನು ಪ್ರಾಥರನ ಮುಂದೆ ಸರಿಸಿದಳು. ಅವನು ಸೊನ್ನೆಯನ್ನು ಹೊಡೆದು ಹಾಕಿ ಇಪ್ಪತ್ತಾರು ಎಂದು ತನ್ನ ಕೈಯಾರೆ ಬರೆದ.

"ನನ್ನ ನೌಕರೀಲಿ ಯಾವ ಅಣಕಿಗೂ ಇಂಥ ಅಂಕಿ ಬರೆದಿಲ್ಲ," ಎಂದ.

"ನಂಗೂ ಅದನ್ನ ಓದೋಕೆ ಖುಷಿ ಇಲ್ಲ, ಸ್ವಾಮಿ," ಎಂದಳು ಪೊಲಿಕ್ಸೇನಿ, ಆ ನಮೂನೆಗೆ ಸಹಿ ಹಾಕುತ್ತ. ಯೋಜನೆಗೆ ಮಾತ್ರ ಹಾಕಲಿಲ್ಲ.

ಅಕ್ಟೋಬರ್ ಮೂವತ್ತೊಂದರಂದು ಆಕೆ ನಿವೃತ್ತಳಾದಳು. ಬೀಳ್ಕೊಡುಗೆಯ ಕೇಕು ಕತ್ತರಿಸಿದರು, ಭಾಷಣದಲ್ಲಿ ಬಾಗಿಲಿನ ಸುದ್ದಿ ಎತ್ತಲಿಲ್ಲ. ಕಿರಾ ಅರ್ಗಿರೊ ಮರುವರ್ಷದ ಜನವರಿಯಲ್ಲಿ ತೀರಿಕೊಂಡಳು, ತನ್ನ ಹಾಸಿಗೆಯಲ್ಲೇ. ಮಾರ್ಚ್ ತಿಂಗಳಲ್ಲಿ ಮನೂಸೊಸ್ ಒಂದು ಲಕೋಟೆ ತಂದುಕೊಟ್ಟ. ಹೊಸ ಸಂಯೋಜಕ, ಪೊಲಿಕ್ಸೇನಿ ನೋಡದ ಹೊರತು ತಾನು ಸಹಿ ಹಾಕುವುದಿಲ್ಲ ಎಂದು ಕುಳಿತಿದ್ದನಂತೆ.

ಒಳಗೆ ತಿದ್ದಿದ ನಲವತ್ತೊಂದನೆಯ ಪುಟ, ಜೊತೆಗೊಂದು ಹೊಸ ಕೀಲಿ. ಸೈರನ್ ಮೊಳಗಿದ ಒಡನೆ ಹಿಂಬಾಗಿಲನ್ನು ತೆರೆಯತಕ್ಕದ್ದು. ಒಂದು ಕೀಲಿ ಅಲಿಕೆಸ್ ಕೇರಿಯಲ್ಲಿರತಕ್ಕದ್ದು. ಅಲ್ಲಿನ ನಿವಾಸಿಗಳು ಇಪ್ಪತ್ತೈದು ಮಂದಿ.

"ಇಪ್ಪತ್ತಾರು!" ಎಂದು ಆಕೆ ಸಿಡುಕಿ ಕೆಂಪು ಪೆನ್ನು ಎತ್ತಿದಳು. ಅನಂತರ ಅರ್ಗಿರೊ ಅಜ್ಜಿಯ ನೆನಪಾಗಿ ಕೈ ನಿಂತಿತು. ಆದರೂ ಊಹೆಯ ಮೇಲೆ ಬಿಡುವ ಹೆಂಗಸಲ್ಲ ಅವಳು. ಕೇರಿಗೆ ಹೋಗಿ ಮನೆಮನೆಯನ್ನೂ ಎಣಿಸಿದಳು. ಇಪ್ಪತ್ತೈದೇ ಸರಿ. ನೆಲೆಯಿಂದ ಬೇಲಿಯಾಚೆಗೆ ಬಂದು ಯಾರೋ ಎಣಿಸಿ ಹೋಗಿದ್ದರು.

ಲಕೋಟೆಯಲ್ಲಿದ್ದ ಕೀಲಿಯನ್ನು ಬೀಗಕ್ಕೆ ಹಾಕಿ ಮೂರು ಸಲ ತೆರೆದು ಮೂರು ಸಲ ಮುಚ್ಚಿದಳು.

"ಸರಿ ಇದೆ ಅಲ್ವಾ ಅಕ್ಕಾ? ಕೊಡು ಪುಟ," ಎಂದ ಮನೂಸೊಸ್.

"ತಡಿ. ಸಮುದ್ರದ ಉಪ್ಪುಗಾಳಿ. ಬೇಸಿಗೆ ಬರೋಷ್ಟ್ರಲ್ಲಿ ತುಕ್ಕು ಹಿಡಿಯತ್ತೆ. ಬೀಗದ ಪರೀಕ್ಷೆ ವಾರಕ್ಕೊಂದ್ಸಲ ಅಂತ ಬರೆದಿದ್ದಾರೆ. ಯಾವತ್ತು? ಯಾರು? ನಡೀತು ಅನ್ನೋದಕ್ಕೆ ಗುರುತೇನು? ಮೂರೂ ಖಾಲಿ ಬಿಟ್ಟಿದ್ದಾರೆ ನೋಡು."

ಕಾಗದವನ್ನು ಬೇಲಿಯ ಕಲ್ಲಿನ ಮೇಲೆ ಇಟ್ಟು ಆಕೆ ಮೂರು ಖಾಲಿ ಜಾಗಗಳನ್ನೂ ತನ್ನ ದುಂಡು ಅಕ್ಷರಗಳಲ್ಲಿ ತುಂಬಿದಳು. ಪ್ರತಿ ಶನಿವಾರ ಸಂಜೆ. ಅಲಿಕೆಸ್ ಕೇರಿಯ ಹೆಂಗಸರು. ಪರೀಕ್ಷೆ ನಡೆಯಿತೆಂಬುದಕ್ಕೆ ಗುರುತು: ಸಂತ ಕಿರಿಯಾಕಿಯ ಗುಡಿಯಲ್ಲಿ ದೀಪ ಉರಿಯುತ್ತಿರತಕ್ಕದ್ದು, ಅದು ನಿಯಂತ್ರಣ ಕೊಠಡಿಯ ಕಿಟಕಿಯಿಂದ ಕಾಣತಕ್ಕದ್ದು.

ಮನೂಸೊಸ್ ಓದಿ ತಲೆ ಕೆರೆದುಕೊಂಡ. "ಇದಕ್ಕೆ ಅವರು ಒಪ್ತಾರಾ?"

"ಒಪ್ಪದಿದ್ರೆ ಪುಟ ವಾಪಸ್ ತಗೊಂಬಾ. ನಂಗೀಗ ಪಿಂಚಣಿ, ಪುರುಸೊತ್ತು ಬೇಕಾದಷ್ಟಿದೆ."

ಪುಟ ಮರಳಿ ಬರಲಿಲ್ಲ. ಮೊದಲ ಪರೀಕ್ಷೆಗೆ ಬೇಕಾದ ಎಣ್ಣೆ ಅರ್ಗಿರೊ ಅಜ್ಜಿಯ ಬಾಟಲಿಯಲ್ಲೇ ಉಳಿದಿತ್ತು.